ಪ್ಯಾಂಟು ಹೊಲಿಯೋರು ನಾವು, ಲೆಕ್ಕ ಯಾರ ಹತ್ತಿರ?

ಬಳ್ಳಾರಿ ಜೀನ್ಸ್ ಅಂತ ಸಂತೆ, ಅಂಗಡಿಗಳಲ್ಲಿ ಮಾರಾಟ ಆಗ್ತವಲ್ಲ, ಅದರಲ್ಲಿ ಎಷ್ಟೋ ಪ್ಯಾಂಟು ಹೊಲಿದದ್ದು ನಮ್ಮ ರಾಯದುರ್ಗದ ಓಣಿಗಳಲ್ಲಿ. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆಯ ಗಂಟು ಬರ್ತದೆ. ಒಬ್ಬ ಜೇಬು ಹೊಲೀತಾನೆ, ಒಬ್ಬ ಜಿಪ್ ಕೂರಿಸ್ತಾನೆ, ಇನ್ನೊಬ್ಬ ಬೆಲ್ಟಿನ ಪಟ್ಟಿ. ಮನೆಯಲ್ಲಿ ಅಮ್ಮ, ಅಕ್ಕಂದಿರು ಉಳಿದ ದಾರ ಕತ್ತರಿಸ್ತಾರೆ. ವಾರಕ್ಕೊಮ್ಮೆ ಪೀಸ್ ಲೆಕ್ಕ. ಮಾಲು ವಾಪಸ್ ಬಳ್ಳಾರಿಗೆ ಹೋಗಿ, ವಾಷಿಂಗ್ ಆಗಿ, ಲೇಬಲ್ ಹತ್ತಿಸಿಕೊಂಡು ಊರೂರಿಗೆ ಹೊರಡ್ತದೆ.

ಇದು ನಿನ್ನೆ ಮೊನ್ನೆಯ ನಂಟಲ್ಲ. ಬ್ರಿಟಿಷರ ದಂಡು ಇದ್ದ ಕಾಲದಲ್ಲಿ ಬಳ್ಳಾರಿಯ ದರ್ಜಿಗಳು ಸಿಪಾಯಿಗಳಿಗೆ ಸಮವಸ್ತ್ರ ಹೊಲೀತಿದ್ದರು. ಆ ಕೈಕಸುಬೇ ಮುಂದೆ ಜೀನ್ಸ್ ಆಯಿತು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. 1953ರ ಅಕ್ಟೋಬರ್ 1ಕ್ಕೆ ಆದೋನಿ, ಆಲೂರು ಜೊತೆ ನಾವೂ ಆಂಧ್ರಕ್ಕೆ ಹೋದೆವು. ಗಡಿ ಬಂತು, ಆದರೆ ವ್ಯಾಪಾರ ಗಡಿಯನ್ನ ಕೇಳಲಿಲ್ಲ. ಕೇಳಿದ್ದು ಕಾಗದ ಪತ್ರ. ನಮ್ಮ ಹುಡುಗರು ಸೋಲ್ತಿರೋದು ಅಲ್ಲೇ.

ನಾವು ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು. ನಮ್ಮ ಕಣ್ಣಿಗೆ ಬಿದ್ದದ್ದನ್ನೇ ಹೇಳ್ತೀವಿ. ಒಬ್ಬ ತಮ್ಮ ಬಂದ, ನಾಲ್ಕು ಮಷೀನ್ ಹಾಕಬೇಕು, ಸಾಲ ಬೇಕು ಅಂದ. ಹನ್ನೊಂದು ವರ್ಷದಿಂದ ಹೊಲೀತಿದ್ದಾನೆ. ಪಾಸ್‌ಬುಕ್ ತೆಗೆದು ನೋಡಿದರೆ ಗ್ಯಾಸ್ ಸಬ್ಸಿಡಿ ಬಿಟ್ಟು ಮತ್ತೇನೂ ಇಲ್ಲ. ಹನ್ನೊಂದು ವರ್ಷದ ದುಡಿಮೆ ಪೂರ್ತಿ ಕೈಯಿಂದ ಕೈಗೆ. ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದ. ಕನ್ನಡದ ಅಂಕಿಯಲ್ಲಿ ನೀಟಾಗಿ ಪೀಸ್ ಲೆಕ್ಕ ಬರೆದಿದ್ದ. ಗಡಿಯಾಚೆಯ ಒಬ್ಬ ಮಾಲೀಕ ಎರಡು ತಿಂಗಳ ದುಡ್ಡು ಇಟ್ಟುಕೊಂಡು ಫೋನ್ ಎತ್ತೋದು ಬಿಟ್ಟಿದ್ದನಂತೆ. 'ಅಣ್ಣಾ, ಈ ಪುಸ್ತಕ ತೋರಿಸಿದ್ರೆ ನಡೆಯಲ್ವಾ?' ಅಂತ ಕೇಳಿದ. ಅದೊಂದನ್ನೇ ನೋಡಿ ಬ್ಯಾಂಕು ಸಾಲ ಕೊಡಲ್ಲ. ಮಾಲೀಕನೂ ಅದಕ್ಕೆ ಹೆದರಲ್ಲ.

ಹೀಗಾಗಿ ನಮ್ಮ ಅಭಿಪ್ರಾಯ ಇಷ್ಟು: ಈ ಉದ್ಯಮ ಬೆಳೆದರೂ, ಹೊಲಿಯುವವನ ದುಡಿಮೆ ಎಲ್ಲೂ ದಾಖಲಾಗದಿದ್ದರೆ ಅವನ ಪಾಲು ಬೆಳೆಯಲ್ಲ. 2023ರ ಚುನಾವಣೆ ಹೊತ್ತಿಗೆ ಬಳ್ಳಾರಿಗೆ 5,000 ಕೋಟಿಯ ಜೀನ್ಸ್ ಪಾರ್ಕ್ ಅಂತ ಮಾತು ಕೇಳಿದೆವು. ಬರಲಿ, ಬೇಡ ಅನ್ನೋರು ಯಾರು? ಅದು ಬರೋ ತನಕ ನಮ್ಮ ಕೈಯಲ್ಲಿ ಆಗೋದಿದೆ.

ಸ್ವಂತ ಮಷೀನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು ಮೊದಲು ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಸಾಕು, ಒಂದು ಪೈಸೆ ಖರ್ಚಿಲ್ಲ (ಸಾವಿರ ರೂಪಾಯಿ ಕೇಳುವ ಏಜೆಂಟರಿದ್ದಾರೆ, ಕೊಡಬೇಡಿ). ನೋಂದಣಿ ಆದಮೇಲೆ ನೀವು ಸೂಕ್ಷ್ಮ ಉದ್ಯಮದವರು. ನಿಮ್ಮ ಬಿಲ್ಲಿನ ಹಣ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಮಾಲೀಕ ಕೊಡದಿದ್ದರೆ ದೂರು ಕೊಡೋಕೆ ಬೆಂಗಳೂರಿಗೆ ಅಲೆಯೋದೂ ಬೇಡ. ಮಾಲು ಮಾಡಿಕೊಟ್ಟವನು ಯಾವ ರಾಜ್ಯದಲ್ಲಿದ್ದಾನೋ ಆ ರಾಜ್ಯದ ಕೌನ್ಸಿಲ್ಲೇ ವಿಚಾರಣೆ ಮಾಡಬಹುದು, ಮಾಲೀಕ ದೇಶದ ಯಾವ ಮೂಲೆಯಲ್ಲಾದರೂ ಇರಲಿ. ಗಡಿ ತಾಲ್ಲೂಕಿನವರಿಗೆ ಅಂತಲೇ ಬರೆದ ಹಾಗಿದೆ ಈ ಕಲಂ, ನಮ್ಮಲ್ಲಿ ಗೊತ್ತಿರೋರು ಬೆರಳೆಣಿಕೆ.

ಇನ್ನೊಂದು. ಒಂದು ರಾಜ್ಯದ ಮಾಲೀಕ ಇನ್ನೊಂದು ರಾಜ್ಯಕ್ಕೆ ಜಾಬ್ ವರ್ಕಿಗೆ ಮಾಲು ಕಳಿಸಿದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ಇ-ವೇ ಬಿಲ್ ಮಾಡಲೇಬೇಕು. ಎಲ್ಲರಿಗೂ ಇದು ರಗಳೆ. ಆದರೆ ಆ ಬಿಲ್ಲಿನ ಪ್ರತಿ ಕೇಳಿ ಇಟ್ಟುಕೊಂಡರೆ, ಯಾವ ತಾರೀಕು ಎಷ್ಟು ಮಾಲು ನಿಮ್ಮ ಕೈಗೆ ಬಂತು ಅನ್ನೋದಕ್ಕೆ ಅದೇ ಸಾಕ್ಷಿ. ದುಡ್ಡು ಖಾತೆಗೇ ಹಾಕಿ ಅಂತ ಕೇಳಿ. ಒಂದು ವರ್ಷದ ವಹಿವಾಟು ಖಾತೆಯಲ್ಲಿ ಕಂಡರೆ, ಅಡಮಾನ ಇಲ್ಲದೆ 5 ಲಕ್ಷದವರೆಗಿನ ಮುದ್ರಾ ಕಿಶೋರ್ ಸಾಲಕ್ಕೆ ಮ್ಯಾನೇಜರ್ ಮುಂದೆ ಕೂತು ಮಾತಾಡುವ ಧೈರ್ಯ ಬರ್ತದೆ. ಅಡ್ವಾನ್ಸ್ ಕೊಟ್ಟ ಮಾಲೀಕನಿಗೆ ವರ್ಷಗಟ್ಟಲೆ ಕಟ್ಟುಬೀಳೋದೂ ತಪ್ಪಬಹುದು.

ಖಾತೆಗೆ ಹಾಕಿ ಅಂದರೆ ಕೆಲಸವೇ ಕೊಡಲ್ಲ ಅಂತೀರಾ? ಹೌದು, ಒಬ್ಬನೇ ಹೋಗಿ ಕೇಳಿದರೆ ಕೊಡಲ್ಲ. ಓಣಿಯ ಹತ್ತು ಯೂನಿಟ್‌ನವರು ಒಟ್ಟಿಗೆ ಕೇಳಬೇಕು.

ವಾಷಿಂಗ್ ವಿಷಯದಲ್ಲಿ ನಮ್ಮದು ಬೇರೆ ಮಾತು. 2024ರಲ್ಲಿ ಬಳ್ಳಾರಿಯ ವಾಷಿಂಗ್ ಯೂನಿಟ್‌ಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚುವ ಆದೇಶ ಕೊಟ್ಟಿತು. ಬಣ್ಣದ ನೀರು ಶುದ್ಧ ಮಾಡುವ ವ್ಯವಸ್ಥೆ ಸರಿ ಇಲ್ಲ ಅನ್ನೋದೇ ಕಾರಣ. ಅಲ್ಲಿ ವಾಷಿಂಗ್ ನಿಂತರೆ ಇಲ್ಲಿ ಮಷೀನ್ ನಿಲ್ತದೆ, ನಿಜ. ಹಾಗಂತ ವಾಷಿಂಗ್ ಇಲ್ಲಿಗೇ ಬರಲಿ ಅನ್ನುವವರಿಗೆ ನಾವು ಹೂಂ ಅನ್ನಲ್ಲ. ಮಳೆ ಕಡಿಮೆ ಇರುವ ಸೀಮೆ ನಮ್ಮದು, ಇರೋದು ಒಂದು ಹಗರಿ. ಶುದ್ಧೀಕರಣ ಘಟಕ ಕಟ್ಟದೆ ಆ ನೀಲಿ ನೀರನ್ನ ಎಲ್ಲಿಗೆ ಬಿಡ್ತೀರಿ? ನಮಗೆ ಬೇಕಾದದ್ದು ಕಟಿಂಗ್, ಪ್ಯಾಟರ್ನ್ ತೆಗೆಯೋ ಕೆಲಸ, ಲೇಬಲ್. ಕೂಲಿಗಿಂತ ಹೆಚ್ಚು ದುಡ್ಡು ಇರೋದು ಅಲ್ಲೇ.

ಲೇಬಲ್ ಅಂದರೆ ನೆನಪಾಯ್ತು. ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕ ಇದೆ, ಸೊಲ್ಲಾಪುರದ ಚಾದರಕ್ಕೂ ಇದೆ. ಆ ಊರ ಹೆಸರು ಕೇಳಿದರೆ ಸಾಕು, ಮಾಲು ಕಣ್ಣಿಗೆ ಕಟ್ಟುತ್ತದೆ. ರಾಯದುರ್ಗ ಅಂದರೆ ಪ್ಯಾಂಟು ನೆನಪಾಗೋದು ನಮ್ಮ ನಮ್ಮಲ್ಲಿ ಮಾತ್ರ.

ಆ ತಮ್ಮ ಹೋದ ತಿಂಗಳು ಮತ್ತೆ ಬಂದಿದ್ದ. ಉದ್ಯಮ್ ನಂಬರ್ ಫೋನಿನಲ್ಲಿ ತೋರಿಸಿದ. ಹಳೇ ದುಡ್ಡು ಇನ್ನೂ ಬಂದಿಲ್ಲ. ಹೊಸ ಬಿಲ್ ಪುಸ್ತಕ ಪ್ರಿಂಟ್ ಹಾಕಿಸ್ತಿದ್ದಾನೆ, ಮೇಲೆ ಏನು ಹೆಸರು ಹಾಕಿಸಲಿ ಅಣ್ಣಾ ಅಂತ ಕೇಳಿದ. ಊರಿನ ಹೆಸರು ಮಾತ್ರ ಬಿಡಬೇಡ ಅಂದೆವು.