ಉಗುರಗಲದ ಚಿತ್ರ

ಈಗಿನ ಗೃಹಸ್ಥರ ಮನೆಗಳಲ್ಲಿ ಮೊಬೈಲು ಮಾತನಾಡುವ ಯಂತ್ರವಾಗಿ ಮಾತ್ರ ಉಳಿದಿಲ್ಲ. ಅದರ ಫಲಕವನ್ನು ಮುಟ್ಟಿದೊಡನೆ ಉಗುರಿನಷ್ಟಗಲದ ಚಿತ್ರಗಳು ಸಾಲುಸಾಲಾಗಿ ಕಾಣಿಸಿಕೊಳ್ಳುವುವು. ಇವಕ್ಕೆ ಐಕಾನುಗಳೆಂದು ಹೆಸರು. ಅಕ್ಷರವರಿಯದ ಹಿರಿಯರೂ ಸಹ ಮಗನ ಮುಖವಿರುವ ಚಿತ್ರವನ್ನು ಗುರುತಿಸಿ, ಅದನ್ನು ಒತ್ತಿ, ದೂರದೂರಿನಲ್ಲಿರುವ ಅವನೊಡನೆ ಮಾತನಾಡುತ್ತಾರೆ. ಹೀಗಿರುವಲ್ಲಿ ಆ ಚಿತ್ರವು ಸ್ಫುಟವಾಗಿಲ್ಲದಿದ್ದರೆ ಆಗುವ ತೊಂದರೆ ಅಲ್ಪವೆ? ಇಂತಹ ಚಿತ್ರವನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಕ್ರಮವನ್ನು ಈ ತಿಂಗಳು ವಿವರಿಸುವೆವು.

ಈ ವಿದ್ಯೆಯ ಪೂರ್ವವೃತ್ತಾಂತವು ಸ್ವಾರಸ್ಯವಾದುದು. 1984ರ ಜನವರಿಯಲ್ಲಿ ಅಮೆರಿಕದ ಆಪಲ್ ಸಂಸ್ಥೆಯವರು ಮ್ಯಾಕಿಂಟಾಷ್ ಎಂಬ ಗಣಕಯಂತ್ರವನ್ನು ಹೊರತಂದರು. ಅದರ ಚಿಹ್ನೆಗಳನ್ನು ರಚಿಸಿದವರು ಸೂಸನ್ ಕೇರ್ ಎಂಬ ಮಹಿಳೆ. ಆಕೆ ಚೌಕಳಿಯ ಕಾಗದದ ಮೇಲೆ ಉದ್ದಕ್ಕೆ 32, ಅಡ್ಡಕ್ಕೆ 32, ಒಟ್ಟು 1,024 ಚೌಕಗಳಲ್ಲಿ ಕೆಲವನ್ನು ಕಪ್ಪು ಮಾಡಿ, ಉಳಿದವನ್ನು ಬಿಳಿಯದಾಗಿಯೇ ಬಿಟ್ಟು, ಕಸದ ಬುಟ್ಟಿಯನ್ನೂ ನಗುಮುಖದ ಗಣಕಯಂತ್ರವನ್ನೂ ಚಿತ್ರಿಸಿದರು. ಎಳೆಗಳನ್ನೆಣಿಸಿ ಹಾಕುವ ಧಾರವಾಡದ ಕಸೂತಿಯನ್ನೂ ಚುಕ್ಕಿಯಿಟ್ಟು ಬರೆಯುವ ರಂಗೋಲಿಯನ್ನೂ ಬಲ್ಲ ನಮ್ಮ ಸ್ತ್ರೀಯರಿಗೆ ಈ ಲೆಕ್ಕಾಚಾರವು ಹೊಸತಲ್ಲ.

ಇನ್ನು ಗಣಿತವನ್ನು ನೋಡೋಣ. ಒಂದು ಭಾವಚಿತ್ರವು ಉದ್ದಗಲಗಳಲ್ಲಿ 1,024 ಬಿಂದುಗಳುಳ್ಳದ್ದೆಂದಿಟ್ಟುಕೊಳ್ಳಿ. ಒಟ್ಟು ಬಿಂದುಗಳು 10,48,576. ಅದನ್ನು 32ರ ಚೌಕಕ್ಕೆ ಇಳಿಸಿದರೆ, ಹೊಸ ಚಿತ್ರದ ಒಂದೊಂದು ಬಿಂದುವೂ ಹಳೆಯ 1,024 ಬಿಂದುಗಳಿಗೆ ಪ್ರತಿನಿಧಿಯಾಗಬೇಕು. 64 ಬಿಂದುಗಳಷ್ಟು ಅಗಲವಾಗಿದ್ದ ಕಣ್ಣು ಎರಡೇ ಬಿಂದುಗಳಾಗುವುದು. ಮೂಗುಬೊಟ್ಟು ಕಾಣದೆಯೇ ಹೋಗುವುದು. ಆದುದರಿಂದ ಯಾವುದನ್ನು ಬಿಡಬೇಕೆಂಬುದನ್ನು ಯಂತ್ರವು ನಿರ್ಣಯಿಸುವ ಮೊದಲು ನಾವೇ ನಿರ್ಣಯಿಸತಕ್ಕದ್ದು. ಅಕ್ಷರವು ಕಡಮೆಯಾಗಿರಬೇಕು, ಅರ್ಥದಲ್ಲಿ ಸಂದೇಹವಿರಕೂಡದು ಎಂದು ಪೂರ್ವಿಕರು ಸೂತ್ರಕ್ಕೆ ಹೇಳಿದ ಲಕ್ಷಣವು ಇದಕ್ಕೂ ಸಲ್ಲುವುದು.

ಚಿತ್ರವನ್ನು ತಿದ್ದುವ ಸಾಧನಗಳಲ್ಲಿ ಫೋಟೋಷಾಪ್ ಎಂಬುದು 1990ರಲ್ಲಿ ಬಂದಿತು. ಅದರ ಮೂರನೆಯ ಆವೃತ್ತಿಯಲ್ಲಿ, ಎಂದರೆ 1994ರಲ್ಲಿ, ಲೇಯರುಗಳೆಂಬ ಪದರಗಳು ಸೇರಿದುವು. 1996ರಲ್ಲಿ ಹೊರಬಂದ ಗಿಂಪ್ ಎಂಬುದು ಹಣ ಕೊಡದೆಯೇ ದೊರೆಯುವುದು. ಗೃಹಸ್ಥರಿಗೆ ಇದು ಸಾಕು. ಪದರವೆಂದರೆ ಒಂದರ ಮೇಲೊಂದಿಟ್ಟ ಗಾಜಿನ ಹಲಗೆಗಳೆಂದು ಭಾವಿಸಬಹುದು. ಕೆಳಗಿನದರಲ್ಲಿ ಹಿನ್ನೆಲೆಯ ಬಣ್ಣ, ನಡುವಿನದರಲ್ಲಿ ಮುಖ, ಮೇಲಿನದರಲ್ಲಿ ಅಂಚಿನ ರೇಖೆ. ಬಣ್ಣವು ಒಪ್ಪದಿದ್ದರೆ ಆ ಒಂದು ಹಲಗೆಯನ್ನು ಬದಲಿಸಿದರಾಯಿತು, ಮುಖಕ್ಕೆ ಭಂಗವಿಲ್ಲ.

ಫಿಲ್ಟರುಗಳೆಂಬುವು ಬಿಂದುಗಳ ಮೇಲೆ ನಡೆಯುವ ಗಣಿತಕ್ರಿಯೆಗಳು. ಮಸುಕು ಮಾಡುವ ಫಿಲ್ಟರು ಒಂದೊಂದು ಬಿಂದುವನ್ನೂ ನೆರೆಯ ಬಿಂದುಗಳೊಡನೆ ಬೆರಸಿ ಸರಾಸರಿ ತೆಗೆಯುವುದು. ಗದ್ದಲದ ಹಿನ್ನೆಲೆಯನ್ನು ಶಾಂತಗೊಳಿಸಲು ಇದು ಉಪಯುಕ್ತ. ಹರಿತಗೊಳಿಸುವುದು ಅಂಚುಗಳಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಯೂ ಬೆಳಕನ್ನು ಇನ್ನಷ್ಟು ಬೆಳಕಾಗಿಯೂ ಮಾಡುವುದು. ಚಿತ್ರವನ್ನು ಕಿರಿದು ಮಾಡಿದ ಮೇಲೆ ಇದನ್ನು ಸ್ವಲ್ಪವಾಗಿ ಪ್ರಯೋಗಿಸಬೇಕು. ಹೆಚ್ಚಾದರೆ ತಲೆಯ ಸುತ್ತ ಬಿಳಿಯ ಕಟ್ಟು ಮೂಡುವುದು.

ಕ್ರಮವು ಹೀಗೆ: ಮೊದಲು ಮೂಲಚಿತ್ರದ ಪ್ರತಿಯೊಂದನ್ನು ಮಾಡಿಕೊಂಡು, ಪ್ರತಿಯಲ್ಲಿಯೇ ಕೆಲಸ ಮಾಡುವುದು. ಮುಖವನ್ನುಳಿದು ಮಿಕ್ಕುದನ್ನು ಕತ್ತರಿಸುವುದು. ಹಿನ್ನೆಲೆಗೆ ಒಂದೇ ಬಣ್ಣ ಕೊಡುವುದು. ಮುಖವು ಕಪ್ಪಗಿದ್ದರೆ ತಿಳಿಬಣ್ಣ, ಬೆಳ್ಳಗಿದ್ದರೆ ಗಾಢವರ್ಣ. ಬಳಿಕ ಕಿರಿದು ಮಾಡಿ, ನಿಜವಾದ ಅಳತೆಯಲ್ಲಿಯೇ ಪರೀಕ್ಷಿಸುವುದು. ಪದರಗಳು ಉಳಿಯುವಂತೆ ಒಂದು ಕಡತವನ್ನೂ, ಬಳಕೆಗಾಗಿ ಪಿಎನ್‌ಜಿ ಎಂಬ ರೂಪದಲ್ಲಿ ಮತ್ತೊಂದನ್ನೂ ಇಡುವುದು. ಪಿಎನ್‌ಜಿಯಲ್ಲಿ ಪಾರದರ್ಶಕವಾದ ಮೂಲೆಗಳು ಹಾಗೆಯೇ ಉಳಿಯುವುವು, ಜೆಪೆಗ್‌ನಲ್ಲಿ ಉಳಿಯವು.

ಕಡೆಗೆ ಒಂದು ಎಚ್ಚರಿಕೆ. ಚರ್ಮವನ್ನು ನುಣುಪಾಗಿಸಿ ಬಣ್ಣವನ್ನು ಬಿಳಿಚಿಸುವ ಫಿಲ್ಟರುಗಳೂ ಉಂಟು. ತೀರಿಕೊಂಡ ಅಜ್ಜಿಯ ಚಿತ್ರಕ್ಕೆ ಇವನ್ನು ಹಾಕಿ, ಮೂಲಚಿತ್ರದ ಮೇಲೆಯೇ ಉಳಿಸಿಬಿಟ್ಟರೆ, ಬೇರೆ ಪ್ರತಿ ಇಲ್ಲದ ಮನೆಯಲ್ಲಿ ಆಕೆಯ ಹಣೆಯ ಗೆರೆಗಳು ಎಂದೆಂದಿಗೂ ಹೋದುವು. ಮುಂದೆ ಹುಟ್ಟುವ ಮಕ್ಕಳು ಆ ನುಣುಪಾದ ಮುಖವನ್ನೇ ಅಜ್ಜಿಯೆಂದು ತಿಳಿಯುವರು. ಬಿಂದುಗಳನ್ನು ಬಿಡುವುದು ಸ್ಥಳದ ಅಭಾವದಿಂದ. ಗೆರೆಗಳನ್ನು ಅಳಿಸುವುದಕ್ಕೆ ಅಂತಹ ಕಾರಣವಿಲ್ಲ. ಆದುದರಿಂದ ಕೆಲಸಕ್ಕೆ ತೊಡಗುವ ಮೊದಲೇ ಮೂಲಚಿತ್ರವನ್ನು ಎರಡು ಬೇರೆ ಕಡೆಗಳಲ್ಲಿ ಭದ್ರಪಡಿಸಿ, ಅದರ ಮೇಲೆ ಹೆಸರನ್ನೂ ವರ್ಷವನ್ನೂ ಬರೆದಿಡಿ.