ಮೂರು ನಿಮಿಷದ ಹಾಡಿನ ಹಿಂದೆ

ಕುರಿ ಕಾಯುವ ಹುಡುಗನೊಬ್ಬ ಹಾಡಿ ಹೆಸರು ಮಾಡಿದ ಎಂದರೆ ಖುಷಿಪಡದವರು ನಮ್ಮಲ್ಲಿ ಇಲ್ಲ. ಆ ಖುಷಿಯ ಬೆನ್ನಿಗೇ ಗೊಣಗಾಟವೂ ಶುರುವಾಗುತ್ತದೆ. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿ ತಾಂಡಾದ ಹನುಮಂತ 2018ರಲ್ಲಿ ಜೀ ಕನ್ನಡದ ‘ಸರಿಗಮಪ’ ವೇದಿಕೆಗೆ ಲುಂಗಿ ಉಟ್ಟು ಬಂದು ನಿಂತಾಗ, ಸ್ವರ ತಾಳ ಕಲಿಯದವನಿಗೆ ಇಷ್ಟೊಂದು ಮೆರವಣಿಗೆಯೇ ಎಂದು ಕೆಲವರು ಮೂಗು ಮುರಿದರು. ವಾರ ಕಳೆದಂತೆ ಅವನು ಸಿನಿಮಾ ಹಾಡುಗಳನ್ನೂ ಹಾಡತೊಡಗಿದ. ಆಗ, ಜಾನಪದದ ಹುಡುಗನನ್ನು ಕೆಡಿಸಿಬಿಟ್ಟರು ಎಂದರು. 2019ರಲ್ಲಿ ಎರಡನೇ ಸ್ಥಾನ ಪಡೆದು ಊರಿಗೆ ಹೋದವನು, 2025ರ ಜನವರಿಯಲ್ಲಿ ‘ಬಿಗ್ ಬಾಸ್’ನ ಹನ್ನೊಂದನೇ ಆವೃತ್ತಿಯನ್ನು ಗೆದ್ದ. ಅದೂ ನಡುವೆ ವೈಲ್ಡ್ ಕಾರ್ಡ್ ಹಿಡಿದು ಒಳಹೊಕ್ಕವನು 50 ಲಕ್ಷ ರೂಪಾಯಿ ಬಹುಮಾನ ಎತ್ತಿಕೊಂಡ. ಹಾಡಿಗೂ ಇವನಿಗೂ ಇನ್ನೇನು ನಂಟು ಎಂಬ ಮಾತು ಬಂತು. ದೂರುವವರು ಮೂರು ಸಲವೂ ಅವರೇ. ಕಲಿತಿಲ್ಲ ಎಂಬುದು ಮೊದಲ ದೂರು, ಕಲಿತುಬಿಟ್ಟ ಎಂಬುದು ಎರಡನೆಯದು.

ಲುಂಗಿಯದೇ ಒಂದು ಕಥೆ. ಮೈಸೂರಿನಲ್ಲಿ ಬೆಳೆದು ಮೈಕ್ರೋಬಯಾಲಜಿ ಓದಿದ ಗಾಯಕ ರಘು ದೀಕ್ಷಿತ್ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಲಂಡನ್ನಿನ ವೇದಿಕೆ ಏರಿದರು. ಅದು ಆರಿಸಿಕೊಂಡ ವೇಷ. ಹನುಮಂತನದು ಮನೆಯಲ್ಲಿ ಉಡುವ ಬಟ್ಟೆ. ಕ್ಯಾಮೆರಾ ಎದುರು ನಿಂತ ಮೇಲೆ ಅದೂ ವೇಷವಾಯಿತು. ಈಗ ಅವನು ಪ್ಯಾಂಟು ಹಾಕಿಕೊಂಡರೆ ಸುದ್ದಿ!

ಇಬ್ಬರ ಹಾದಿಯೂ ಒಂದೇ ಊರಿನ ಮುಂದೆ ಹಾದುಹೋಗುತ್ತದೆ. ಸವಣೂರಿನ ಪಕ್ಕದ ತಾಲ್ಲೂಕು ಶಿಗ್ಗಾಂವಿ, ಅಲ್ಲಿಯ ಶಿಶುನಾಳ ಶರೀಫ ಸಾಹೇಬರ ಊರು. 1819ರಿಂದ 1889ರವರೆಗೆ ಬಾಳಿದ ಶರೀಫರ ಪದಗಳು ಏಕತಾರಿ, ತಾಳಗಳ ಜೊತೆ ಭಜನಾ ಮೇಳಗಳ ಬಾಯಲ್ಲಿ ಉಳಿದು ಬಂದವು. ‘ಸಾವಿರ ಹಾಡಿನ ಸರದಾರ’ ಎನಿಸಿಕೊಂಡ ಬಾಳಪ್ಪ ಹುಕ್ಕೇರಿ ಇಂಥ ಪದಗಳನ್ನು ಸಭೆಗೂ ಆಕಾಶವಾಣಿಗೂ ತಂದರು. ಆಮೇಲೆ ಸಿ. ಅಶ್ವಥ್ ಬಂದರು. ಕ್ಯಾಸೆಟ್ಟಿನಲ್ಲಿ, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲಿ ಅವರು ಹಾಡಿದ್ದನ್ನು ಭಜನಾ ಮೇಳದ ಧಾಟಿ ಬಲ್ಲವರ ಮುಂದೆ ಹಾಕಿ ನೋಡಿ, ಅದು ಬೇರೆಯೇ ಹಾಡು. ವಾದ್ಯಮೇಳವಿದೆ, ಕೋರಸ್ ಇದೆ, ಎಲ್ಲಿ ದನಿ ಏರಿದರೆ ಜನ ಚಪ್ಪಾಳೆ ತಟ್ಟುತ್ತಾರೆ ಎಂಬ ಅಂದಾಜಿದೆ. ಕರ್ನಾಟಕದ ತುಂಬ ಜನಕ್ಕೆ ಶರೀಫರೆಂದರೆ ಅಶ್ವಥ್ ಕಂಠವೇ. 2008ರಲ್ಲಿ ರಘು ದೀಕ್ಷಿತರ ಆಲ್ಬಮ್ ಬಂದು ಅದೇ ಶರೀಫರಿಗೆ ಗಿಟಾರ್, ಡ್ರಮ್ಸ್ ಕೂಡಿಸಿದಾಗ ‘ಮೂಲ ಹಾಳಾಯಿತು’ ಎಂದವರ ಮನಸ್ಸಿನಲ್ಲಿದ್ದ ಮೂಲ ಏಕತಾರಿಯದಲ್ಲ, ಅಶ್ವಥರ ಕ್ಯಾಸೆಟ್ಟಿನದು. ನಾವು ಯಾವ ವಯಸ್ಸಿನಲ್ಲಿ ಏನು ಕೇಳಿದೆವೋ ಅದೇ ನಮಗೆ ಅಸಲು.

ಅಮೆರಿಕದವರದೂ ಇದೇ ಜಗಳ. ಅಲ್ಲಿಯ ಹಳ್ಳಿಗಾಡಿನ ಹಾಡು, ಅವರು ಕಂಟ್ರಿ ಅನ್ನುವುದು, 1950ರ ದಶಕದಲ್ಲಿ ರಾಕ್ ಸಂಗೀತದ ಹೊಡೆತಕ್ಕೆ ತತ್ತರಿಸಿತು. ಆಗ ನ್ಯಾಶ್‌ವಿಲ್ಲಿನ ನಿರ್ಮಾಪಕರು ಹಳ್ಳಿ ಪಿಟೀಲನ್ನು ಹಿಂದೆ ಸರಿಸಿ, ನಯವಾದ ತಂತಿವಾದ್ಯಗಳ ಸಾಲನ್ನೂ ಕೋರಸ್ಸನ್ನೂ ಮುಂದೆ ತಂದರು. ಹಳ್ಳಿಯ ಹಾಡನ್ನು ಪೇಟೆಗೆ ಮಾರಿದರು ಎಂದು ಹಳಬರು ಬೈದರು. ಆ ಸಕ್ಕರೆಪಾಕದಿಂದ ಎದ್ದುಬಂದವರಲ್ಲಿ ಜಿಮ್ ರೀವ್ಸ್ ಒಬ್ಬ. ನಮ್ಮ ಕಾಫಿ ತೋಟದ ಬಂಗಲೆಗಳ ಹಿರಿಯ ತಲೆಮಾರಿನವರಿಗೆ ಆ ಕಂಠ ಗೊತ್ತು, ಅವರ ಪಾಲಿಗೆ ಅಚ್ಚ ಕಂಟ್ರಿ ಎಂದರೆ ಅದೇ. ಹದಿನಾರರ ಟೇಲರ್ ಸ್ವಿಫ್ಟ್ 2006ರಲ್ಲಿ ಅದೇ ನ್ಯಾಶ್‌ವಿಲ್ಲಿನಿಂದ ಮೊದಲ ಆಲ್ಬಮ್ ತಂದಳು, 2014ರ ಹೊತ್ತಿಗೆ ತಾನಿನ್ನು ಪಾಪ್ ಎಂದು ಹೊಸಿಲು ದಾಟಿದಳು. 2019ರಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ಹುಡುಗನ ಹಾಡನ್ನು, ಇದರಲ್ಲಿ ಕಂಟ್ರಿಯ ಅಂಶ ಸಾಲದು ಎಂದು ಬಿಲ್‌ಬೋರ್ಡ್‌ನವರು ಕಂಟ್ರಿ ಪಟ್ಟಿಯಿಂದ ತೆಗೆದರು. ಅದು ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಗಡಿ ಕಾಯುವವರಿಗೆ ಎಲ್ಲ ಕಡೆಯೂ ಇದೇ ಗತಿ.

ನಮ್ಮ ಕಾಫಿ ಸೀಮೆಯಲ್ಲಂತೂ ಗಡಿ ಕಾಯುವುದು ಇನ್ನೂ ಕಷ್ಟ. ಮೂಡಿಗೆರೆ ಕಡೆ ಸುಗ್ಗಿ ಕುಣಿತವಿದೆ, ಕೊಪ್ಪ ಶೃಂಗೇರಿ ಕಡೆ ದೀಪಾವಳಿಗೆ ದೀಪ ಹೊತ್ತು ಮನೆಮನೆಗೆ ಬರುವ ಅಂಟಿಗೆ ಪಂಟಿಗೆ ಇದೆ. ಆದರೆ ಇವು ಊರಿನವು, ಗದ್ದೆಯವು. ಎಸ್ಟೇಟಿಗೆಂದು ಒಂದು ಹಾಡು ಹುಟ್ಟಿದಂತಿಲ್ಲ. ಜನವರಿಯಲ್ಲಿ ರೊಬಸ್ಟ ಕೊಯ್ಲಿನ ಹೊತ್ತಿಗೆ ಹೋಗಿ ನೋಡಿದರೆ ಕಾರಣ ತಿಳಿಯುತ್ತದೆ. ಬುಡಕ್ಕೆ ತಾಟು ಹಾಸಿ, ರೆಕ್ಕೆ ಅಂದರೆ ಕೊಂಬೆ ಬಗ್ಗಿಸಿ, ಹಣ್ಣನ್ನು ಎರಡೂ ಕೈಯಲ್ಲಿ ಸವರಿ ಉದುರಿಸುವ ಕೆಲಸ. ಒಬ್ಬೊಬ್ಬರದು ಒಂದೊಂದು ಗಿಡ, ಒಂದೊಂದು ಚೀಲ. ಸಂಜೆ ತೋಟದ ರೈಟರು ತೂಕ ಹಿಡಿದಾಗ ಕೆ.ಜಿ. ಲೆಕ್ಕದಲ್ಲಿ ಕೂಲಿ. ವಿಜಯಪುರದ ಕಡೆಯಿಂದ ಬಂದ ಹೆಂಗಸೊಬ್ಬರು ರೆಕ್ಕೆಗೆ ಫೋನು ಸಿಗಿಸಿಕೊಂಡು ಹಾಡು ಹಾಕಿದ್ದರು. ನಿಮಗೇ ಹಂತಿ ಪದ, ಬೀಸೂ ಪದ ಬರುತ್ತದಲ್ಲ, ಹಾಡಬಾರದೇ ಅವ್ವಾ ಎಂದು ಕೇಳಿದೆ. ‘ಬರ್ತಾವ್ರಿ ಅಣ್ಣಾರ. ಆದ್ರ ಇಲ್ಲಿ ಯಾರ ಜೋಡಿ ಹಾಡೂಣ್ರಿ? ಒಬ್ಬಾಕಿ ಈ ಗಿಡದಾಗ, ಒಬ್ಬಾಕಿ ಆ ಗಿಡದಾಗ’ ಎಂದರು, ಕೈ ನಿಲ್ಲಿಸದೆ.

ಈ ಮಾತಿನಲ್ಲಿ ಒಂದು ಪ್ರಬಂಧಕ್ಕಾಗುವಷ್ಟು ವಿಷಯವಿದೆ. ನಾಟಿಯಲ್ಲಿ ಹತ್ತು ಜನ ಒಂದೇ ಸಾಲಿನಲ್ಲಿ ಬಗ್ಗಿ, ಒಟ್ಟಿಗೇ ಹಿಂದೆ ಹೆಜ್ಜೆ ಇಡಬೇಕು. ಒಬ್ಬಳು ಎತ್ತಿಕೊಟ್ಟ ಪದವನ್ನು ಉಳಿದವರು ಹಿಡಿಯುತ್ತಾರೆ, ಕೈಗೆ ಲಯ ಸಿಗುತ್ತದೆ. ಕಣದಲ್ಲಿ ಹಂತಿಯ ಎತ್ತು ಸುತ್ತುತ್ತಿದ್ದರೆ ಪದವೂ ಸುತ್ತುತ್ತದೆ. ಕೆ.ಜಿ. ಲೆಕ್ಕದ ಕೊಯ್ಲಿಗೆ ಪಕ್ಕದವಳ ಲಯ ಬೇಕಿಲ್ಲ, ಕೆಲವೊಮ್ಮೆ ಅದು ಅಡ್ಡಿಯೂ ಹೌದು. ಹಾಡನ್ನು ಕೊಂದದ್ದು ಮೊಬೈಲು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮೊಬೈಲು ಬರುವ ಎಷ್ಟೋ ಮೊದಲೇ ಕೂಲಿಯ ಲೆಕ್ಕ ಅದರ ಕತ್ತು ಹಿಸುಕಿತ್ತು. ಖಾಲಿ ಬಿದ್ದ ಜಾಗಕ್ಕೆ ಮೊದಲು ರೇಡಿಯೊ ಬಂತು, ಈಗ ಫೋನು ಬಂದಿದೆ.

ಆ ಫೋನಿನಲ್ಲಿ ಬರುತ್ತಿದ್ದದ್ದು ಮಾಳು ನಿಪನಾಳನ ‘ನಾ ಡ್ರೈವರಾ’. ರಾಯಬಾಗದ ಕಡೆಯ ಈ ಹುಡುಗನೂ ಯೂಟ್ಯೂಬಿನಿಂದ ಮೇಲೆ ಬಂದು, ಕಡೆಗೆ ಬಿಗ್ ಬಾಸ್ ಮನೆ ಹೊಕ್ಕವನೇ. ಕೀಬೋರ್ಡಿನ ಡೋಲು, ಯಂತ್ರದಲ್ಲಿ ತಿದ್ದಿದ ದನಿ, ಹೆಸರು ಮಾತ್ರ ‘ಉತ್ತರ ಕರ್ನಾಟಕ ಜಾನಪದ’. ಬರೆದವರಾರು ಗೊತ್ತು, ಯಾವ ವರ್ಷ ಬಂತು ಗೊತ್ತು, ಇದೆಂಥ ಜಾನಪದ ಎಂದು ವಿದ್ವಾಂಸರು ಕೇಳಬಹುದು. ನನಗೆ ಆ ಹಾಡುಗಳ ಬಗ್ಗೆ ಅಷ್ಟು ತಾತ್ಸಾರವಿಲ್ಲ. ಅಲ್ಲಿ ಟ್ರ್ಯಾಕ್ಟರ್ ಇದೆ, ಕಬ್ಬಿನ ಲೋಡಿದೆ, ಗಾಡಿಯ ಸಾಲ ಇದೆ, ಹುಡುಗಿಯ ಮನೆಯವರು ಒಪ್ಪದಿರುವ ಸಂಕಟವಿದೆ. ಪಟ್ಟಣದ ಸಭಾಂಗಣದಲ್ಲಿ ಇಳಕಲ್ ಸೀರೆ ಉಟ್ಟು ಹಾಡುವ ಬೀಸುಕಲ್ಲಿನ ಪದಕ್ಕಿಂತ ಇವತ್ತಿನ ಹಳ್ಳಿ ಇದರಲ್ಲೇ ಹೆಚ್ಚಿದೆ. ಅಮೆರಿಕದ ಕಂಟ್ರಿಯಲ್ಲೂ ಟ್ರಕ್ ಡ್ರೈವರುಗಳ ಹಾಡಿನದೇ ಒಂದು ದೊಡ್ಡ ರಾಶಿ ಇದೆ, ಅದನ್ನು ಅಲ್ಲಿ ಯಾರೂ ಕಂಟ್ರಿಯಲ್ಲ ಎನ್ನುವುದಿಲ್ಲ.

ಹಾಗೆಂದು, ಹೊಸತೆಲ್ಲ ಮುಂದೆ ಹಳತಾಗುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಯಾಕೆಂದು ಹೇಳಲು ಘಟ್ಟ ಇಳಿಯಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ ತಾಲ್ಲೂಕು. ನಮ್ಮ ತೋಟಗಳಿಗೆ ಒಂದು ಕಾಲದಲ್ಲಿ ಆಳುಗಳು ಹತ್ತಿ ಬರುತ್ತಿದ್ದ ದಾರಿ ಅದು. ಅಲ್ಲಿ ಮಾಚಾರಿನ ಗೋಪಾಲ ನಾಯ್ಕರೆಂಬ ಕೃಷಿಕರು ಹಾಡಿದ ಸಿರಿ ಪಾಡ್ದನವೆಂಬ ತುಳು ಕಥನಗೀತೆಯನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ದಾಖಲಿಸಿದರು. ಬರೆದು ನೋಡಿದಾಗ ಅದು 15,683 ಸಾಲು. ಹೊಂಕೊ ದಾಖಲಿಸಿರುವ ಇನ್ನೊಂದು ಸಂಗತಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಗೋಪಾಲ ನಾಯ್ಕರು ಒಮ್ಮೆ ಮಂಗಳೂರು ಆಕಾಶವಾಣಿಗೆ ಹೋಗಿ ಕೋಟಿ ಚೆನ್ನಯರ ಕಥೆಯನ್ನು ಇಪ್ಪತ್ತು ನಿಮಿಷದಲ್ಲಿ ಹಾಡಿ ಮುಗಿಸಿ ಬಂದರು. ಮುಂದೆ ಹೊಂಕೊ ಅವರು, ಗಡಿಯಾರ ನೋಡಬೇಡಿ, ನಿಮ್ಮಿಷ್ಟದಂತೆ ಹಾಡಿ ಎಂದಾಗ ಅದೇ ಕಥೆ 15 ಗಂಟೆ ಮೀರಿ ಹರಿಯಿತು, ಸುಮಾರು 7,000 ಸಾಲು.

ರೇಡಿಯೊದವರು ಪಾಡ್ದನವನ್ನು ಕೆಡಿಸಿದರೇ? ಇಲ್ಲ. ಕೇಳಿದ ಅಳತೆಗೆ ಕತ್ತರಿಸಿ ಕೊಡುವ ಜಾಣತನ ಹಾಡುಗಾರನಲ್ಲೇ ಇತ್ತು. ಜಾನಪದದವರು ಎಂದೂ ಹೀಗೆಯೇ: ಮನೆಯವರು ಒಂದು ಸೇರು ಅಕ್ಕಿ ಕೊಟ್ಟರೆ ಒಂದು ಪದ, ಕೂರಿಸಿ ಕಾಫಿ ಕೊಟ್ಟರೆ ನಾಲ್ಕು. ಆ ಇಪ್ಪತ್ತು ನಿಮಿಷದ ಹಿಂದೆ 15 ಗಂಟೆ ನಿಂತಿತ್ತು ಎಂಬುದೇ ಮುಖ್ಯ. ಇಪ್ಪತ್ತು ನಿಮಿಷವನ್ನಷ್ಟೇ ಕೇಳಿ ಕಲಿತವನ ಹಿಂದೆ ಏನು ನಿಂತಿರುತ್ತದೆ? ಹನುಮಂತ ಕುರಿ ಕಾಯುತ್ತ, ಊರಿನವರ ಬಾಯಿಂದ ಕೇಳುತ್ತ ಬೆಳೆದವನು. ಟಿ.ವಿ.ಯವರು ಅವನಿಂದ ಮೂರು ನಿಮಿಷ ತೆಗೆದುಕೊಂಡರು, ಮಿಕ್ಕದ್ದು ಅವನ ಬಳಿಯೇ ಇದೆ. ನನಗೆ ಚಿಂತೆ ಅವನ ವಿಡಿಯೊ ನೋಡಿ ಮುಂದಿನ ಆಡಿಷನ್ನಿಗೆ ತಯಾರಾಗುತ್ತಿರುವ ಮಕ್ಕಳದು. ಅವರಿಗೆ ಪಲ್ಲವಿ ಗೊತ್ತು, ಎರಡು ಚರಣ ಗೊತ್ತು, ಎಲ್ಲಿ ಕಣ್ಣು ಮುಚ್ಚಬೇಕೆಂಬುದೂ ಗೊತ್ತು. ಮುಂದಿನ ಪದ ಯಾವುದು ಎಂದರೆ ತಾಯಿಯ ಮುಖ ನೋಡುತ್ತಾರೆ.

ಹನುಮಂತ ಬಿಗ್ ಬಾಸ್ ಗೆದ್ದು ಮೂರು ವಾರ ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಅಂಕೋಲಾದ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಹೊತ್ತಿದ್ದ ಜೀವ, 2017ರ ಪದ್ಮಶ್ರೀ. ಪತ್ರಿಕೆಗಳು ಗೌರವದಿಂದಲೇ ಬರೆದವು. ಒಬ್ಬರನ್ನು ಹೊತ್ತು ಮೆರೆಸಿ ಇನ್ನೊಬ್ಬರನ್ನು ಮರೆತೆವು ಎಂಬ ದೂರು ನನ್ನದಲ್ಲ. ಸುಕ್ರಜ್ಜಿಗೆ ಮತ ಬೇಕಿರಲಿಲ್ಲ, ಎದುರಿಗೆ ಕೂತು ಕಲಿಯುವವರು ಬೇಕಿತ್ತು. ಕಲಿಸುವ ಸಂಸ್ಥೆಗಳು ಇಲ್ಲವೆಂದಲ್ಲ. ಜಾನಪದ ವಿಶ್ವವಿದ್ಯಾಲಯವೇ ನಮ್ಮಲ್ಲಿದೆ, ಅದೂ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹನುಮಂತನದೇ ಜಿಲ್ಲೆಯಲ್ಲಿ. ಆದರೂ ಈ ಹುಡುಗ ನಾಡಿಗೆ ಗೊತ್ತಾದದ್ದು ಟಿ.ವಿ. ಚಾನೆಲ್‌ನಿಂದ. ಕಣ್ಣು ಎಲ್ಲಿ ಚುರುಕಾಗಿದೆ ಎಂಬುದನ್ನು ಒಪ್ಪಿಕೊಳ್ಳೋಣ.

ದುಡ್ಡಿನ ವಿಚಾರಕ್ಕೂ ಬರಬೇಕು. ನಮ್ಮ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ‘ಸಾಹಿತ್ಯ: ಜಾನಪದ’ ಎಂದು ಅಚ್ಚಾಗಿರುವುದನ್ನು ನೋಡಿದ್ದೇವೆ. ಜಾನಪದ ಎಂಬ ಆ ಮಹಾಶಯರಿಗೆ ವಿಳಾಸವಿಲ್ಲ, ಬ್ಯಾಂಕ್ ಖಾತೆಯೂ ಇಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದು ಸಿನಿಮಾ ಗೀತೆ ಬರೆದವರ, ರಾಗ ಹಾಕಿದವರ ರಾಯಧನದ ಹಕ್ಕು ಗಟ್ಟಿಯಾಯಿತು. ಹಾಡು ಹೇಳಿಕೊಟ್ಟ ಅಜ್ಜಿಗೆ ಅದರಲ್ಲಿ ಪಾಲಿಲ್ಲ, ಅದಕ್ಕೆ ವಾದ್ಯ ಹೊಂದಿಸಿದವರಿಗೆ ಇದೆ. 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಎಂಬ ಪುಟ್ಟ ಊರಿನಲ್ಲಿ ಕಂಟ್ರಿ ಹಾಡುಗಳನ್ನು ಮುದ್ರಿಸಿಕೊಂಡಾಗಲೂ ಹೀಗೇ ಆಯಿತು. ಅಲ್ಲಿ ಹೆಸರು ಮಾಡಿದ ಕಾರ್ಟರ್ ಕುಟುಂಬದ ಯಜಮಾನ ಬೆಟ್ಟದ ಹಳ್ಳಿಗಳನ್ನು ಸುತ್ತಿ ಹಾಡು ಕೂಡಿಸಿ ತಂದು ತನ್ನ ಹೆಸರಿಗೆ ಹಕ್ಕು ಬರೆಸಿಕೊಂಡ. ಪಾಪ್ ಬೆರೆಯಿತೇ, ಎಷ್ಟು ಬೆರೆಯಿತು ಎಂಬ ಚರ್ಚೆಗಿಂತ ಈ ಲೆಕ್ಕ ಜರೂರು ಎಂದು ನನಗನ್ನಿಸುತ್ತದೆ. ಹನುಮಂತನಿಗೆ 50 ಲಕ್ಷ ಬಂದದ್ದು ಹಾಡಿನಿಂದಲ್ಲ, ಒಂದು ಮನೆಯಲ್ಲಿ ಕೂತು ಜನರ ಮನಸ್ಸು ಗೆದ್ದದ್ದಕ್ಕೆ. ಹಾಡನ್ನಷ್ಟೇ ನೆಚ್ಚಿದ್ದರೆ ಜಾತ್ರೆಯ ರಸಮಂಜರಿಯ ಸಂಭಾವನೆಯಲ್ಲೇ ವರ್ಷ ಕಳೆಯಬೇಕಿತ್ತು.

ಟಿ.ವಿ.ಯವರಿಗೆ ಒಂದು ಸಣ್ಣ ಸಲಹೆ ಕೊಡಬಹುದು. ಜಾನಪದ ಹಾಡುತ್ತೇನೆಂದು ಬಂದ ಸ್ಪರ್ಧಿಗೆ ತೀರ್ಪುಗಾರರು ಶ್ರುತಿ ತಾಳ ನೋಡಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಲಿ: ಇದನ್ನು ಯಾರ ಹತ್ತಿರ ಕಲಿತೆ, ಇದರ ಮುಂದೆ ಎಷ್ಟು ಪದ ಇವೆ. ಕಲಿಸಿದವರ ಹೆಸರು ಪರದೆಯ ಕೆಳಗೆ ಬರಲಿ, ಚೆಕ್ಕಿನಲ್ಲಿ ಒಂದು ಪಾಲು ಅವರ ಹೆಸರಿಗೆ ಹೋಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಜಾಹೀರಾತು ಕಡಿಮೆ ಮಾಡಿದರೆ ಸಮಯವೂ ಸಿಗುತ್ತದೆ. ಟಿಆರ್‌ಪಿ ಬಿದ್ದುಹೋಗುತ್ತದೆ ಎಂದು ಅವರು ಹೇಳಬಹುದು. ಸ್ಪರ್ಧಿಯ ಅಜ್ಜಿಯನ್ನು ವೇದಿಕೆಗೆ ಕರೆಸಿ ಅಳಿಸುವುದು ಅವರಿಗೆ ಹೇಗೂ ರೂಢಿಯಿದೆ. ಅಳುವ ಮುಂಚೆ ಅಜ್ಜಿ ನಾಲ್ಕು ಪದ ಹಾಡಲಿ ಬಿಡಿ.