ಪರಕೀಯನ ವಿಮರ್ಶೆ: ಎಡ್ವರ್ಡ್ ಥಾಂಪ್ಸನ್ ಮತ್ತು ಅವರ ಮನೆತನ

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಮಿಷನರಿಗಳ ಸ್ಥಾನ ಬಹುಮಟ್ಟಿಗೆ ನಿಶ್ಚಿತವಾಗಿದೆ. ನಿಘಂಟು, ವ್ಯಾಕರಣ, ಮುದ್ರಣ, ಗ್ರಂಥಸಂಪಾದನೆಗಳಿಗಾಗಿ ಅವರಿಗೆ ಕೃತಜ್ಞತೆ ಸಲ್ಲುತ್ತದೆ. ಮತಪ್ರಚಾರದ ಕಾರಣಕ್ಕಾಗಿ ಅವರ ಮೇಲೆ ಸಂದೇಹವೂ ಉಳಿಯುತ್ತದೆ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರನ್ನಾಗಲಿ, 1852ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದಿಂದ ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದ ಮೆಥಡಿಸ್ಟ್ ಮಿಷನರಿ ಡೇನಿಯಲ್ ಸ್ಯಾಂಡರ್ಸನ್ ಅವರನ್ನಾಗಲಿ ನೋಡುವಾಗ ಈ ಎರಡು ಅಳತೆಗೋಲುಗಳೇ ಬಳಕೆಯಲ್ಲಿವೆ. ಅವರು ಮುಟ್ಟಿದ ಕವಿಗಳು ಕಾಲವಾಗಿ ಶತಮಾನಗಳೇ ಸಂದಿದ್ದವು. ಅನುವಾದ ಸರಿಯಿಲ್ಲವೆಂದು ಲಕ್ಷ್ಮೀಶ ಪತ್ರ ಬರೆಯುವಂತಿರಲಿಲ್ಲ. ಮಿಷನರಿಯೊಬ್ಬ ಸಮಕಾಲೀನ ಮಹಾಕವಿಯ ಕೃತಿಗಳ ಗುಣದೋಷಗಳನ್ನು ವಿವೇಚಿಸಲು ಹೊರಟರೆ ಆಗುವುದೇನೆಂಬುದಕ್ಕೆ ಬಂಗಾಳದಲ್ಲಿ ಒಂದು ನಿದರ್ಶನವಿದೆ. ಅದು ಎಡ್ವರ್ಡ್ ಜಾನ್ ಥಾಂಪ್ಸನ್ನರ ಬದುಕು.

1886ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಎಡ್ವರ್ಡ್ ಮಿಷನರಿಯ ಮಗ. ತಂದೆ ಜಾನ್ ಮೋಸೆಸ್ ಥಾಂಪ್ಸನ್ ದಕ್ಷಿಣ ಭಾರತದಲ್ಲಿ ವೆಸ್ಲಿಯನ್ ಮಿಷನ್ನಿನ ಸೇವೆಯಲ್ಲಿದ್ದವರು. ಮಗನ ಎಳವೆಯಲ್ಲೇ ಅವರು ತೀರಿಕೊಂಡರು. ಮೆಥಡಿಸ್ಟ್ ಪಾದ್ರಿಗಳ ಮಕ್ಕಳಿಗಾಗಿ ನಡೆಯುತ್ತಿದ್ದ ಕಿಂಗ್ಸ್‌ವುಡ್ ಶಾಲೆಯಲ್ಲಿ ಓದಿದ ಎಡ್ವರ್ಡ್, ತಾಯಿಯ ಸಂಸಾರಕ್ಕೆ ಆಸರೆಯಾಗಬೇಕಾಗಿ ಬಂದುದರಿಂದ ಓದು ಬಿಟ್ಟು ಲಂಡನ್ನಿನಲ್ಲಿ ಬ್ಯಾಂಕ್ ಗುಮಾಸ್ತೆಯಾದರು. ಮುಂದೆ ಪದವಿ ಪಡೆದು, ದೀಕ್ಷೆ ಹೊಂದಿ, 1910ರಲ್ಲಿ ಬಂಗಾಳದ ಬಾಂಕುರಾದ ವೆಸ್ಲಿಯನ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಪಾದ್ರಿಯಾಗಿ ಬಂದವರನ್ನು ಬಂಗಾಳಿ ಕಾವ್ಯ ಸೆಳೆದುಕೊಂಡಿತು. 1913ರ ನವೆಂಬರಿನಲ್ಲಿ ರವೀಂದ್ರನಾಥ ಠಾಕೂರರಿಗೆ ನೊಬೆಲ್ ಪಾರಿತೋಷಕ ಬಂದ ಸುದ್ದಿ ಶಾಂತಿನಿಕೇತನವನ್ನು ತಲುಪಿದಾಗ ಅತಿಥಿಯಾಗಿ ಅಲ್ಲಿದ್ದವರಲ್ಲಿ ಥಾಂಪ್ಸನ್ ಒಬ್ಬರು.

ಆ ಸಾಮೀಪ್ಯದಿಂದ ಎರಡು ಗ್ರಂಥಗಳು ಹುಟ್ಟಿದವು. 1921ರದು ಕಿರುಪರಿಚಯ, 1926ರಲ್ಲಿ ಬಂದ ‘ರವೀಂದ್ರನಾಥ ಟಾಗೋರ್: ಪೊಯೆಟ್ ಅಂಡ್ ಡ್ರಾಮಟಿಸ್ಟ್’ ವಿಸ್ತಾರವಾದ ವಿಮರ್ಶೆ. ಅದರ ಮುಖ್ಯ ಪ್ರತಿಪಾದನೆ ಸರಳವಾದುದು: ರವೀಂದ್ರರನ್ನು ಬಂಗಾಳಿಯಲ್ಲೇ ಅಳೆಯಬೇಕು, ಕವಿಯೇ ಮಾಡಿಕೊಂಡ ಇಂಗ್ಲಿಷ್ ಅನುವಾದಗಳು ಮೂಲದ ವೈವಿಧ್ಯವನ್ನೂ ಕಸುವನ್ನೂ ಕಳೆದುಕೊಂಡಿವೆ. ಪಶ್ಚಿಮ ಜಗತ್ತು ‘ಗೀತಾಂಜಲಿ’ಯ ಋಷಿಯನ್ನು ಆರಾಧಿಸುತ್ತಿದ್ದ ಕಾಲದಲ್ಲಿ, ಆ ಋಷಿಯ ಮರೆಯಲ್ಲಿ ದೊಡ್ಡ ಕವಿಯೊಬ್ಬ ಕಾಣದಂತಾಗಿದ್ದಾನೆಂದು ಹೇಳಿದವನು ಒಬ್ಬ ಪಾದ್ರಿ. ಅನುವಾದದಲ್ಲಿ ಕಠಿಣವಾದುದನ್ನೆಲ್ಲ ತಾವು ಅಂಜಿಕೆಯಿಂದ ತಪ್ಪಿಸಿಕೊಂಡಿರುವುದಾಗಿ ರವೀಂದ್ರರೇ 1921ರಲ್ಲಿ ಥಾಂಪ್ಸನ್ನರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದರು. ಆದರೂ 1926ರ ಗ್ರಂಥ ಅವರಿಗೆ ರುಚಿಸಲಿಲ್ಲ. ತಾನು ಒಪ್ಪಿಕೊಂಡ ದೋಷವನ್ನೇ ಇನ್ನೊಬ್ಬ ಅಚ್ಚಿನಲ್ಲಿ ಎತ್ತಿ ತೋರಿಸಿದಾಗ ಕವಿ ನೊಂದುಕೊಳ್ಳುವುದು ಸಹಜ.

ಈ ಅಸಮಾಧಾನಕ್ಕೆ ಕಾರಣವೇ ಇರಲಿಲ್ಲವೆನ್ನಲಾಗದು. ಥಾಂಪ್ಸನ್ನರ ಬಂಗಾಳಿ ಜ್ಞಾನಕ್ಕೆ ಮಿತಿಯಿತ್ತು. ಪ್ರಶಾಂತಚಂದ್ರ ಮಹಾಲನೋಬಿಸ್ ಮೊದಲಾದವರ ನೆರವನ್ನು ಅವರು ಧಾರಾಳವಾಗಿ ಪಡೆದಿದ್ದರು. ಪಾಠ ಹೇಳುವ ಅಧ್ಯಾಪಕನ ಧ್ವನಿ ಅವರ ಬರಹದಲ್ಲಿ ಅಲ್ಲಲ್ಲಿ ಕೇಳಿಬರುತ್ತದೆ. ಆಳುವ ಜನಾಂಗದವನ ಬಾಯಲ್ಲಿ ಬಂದ ವಿಮರ್ಶೆಯನ್ನು ಆಳಿಸಿಕೊಳ್ಳುವ ನಾಡು ಶಾಂತವಾಗಿ ಕೇಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ಅದೇ ಥಾಂಪ್ಸನ್ 1925ರಲ್ಲಿ ‘ದಿ ಅದರ್ ಸೈಡ್ ಆಫ್ ದಿ ಮೆಡಲ್’ ಬರೆದು, 1857ರ ದಂಗೆಯನ್ನು ಅಡಗಿಸುವಾಗ ಬ್ರಿಟಿಷರು ನಡೆಸಿದ ಕ್ರೌರ್ಯವನ್ನು ತಮ್ಮ ಜನರ ಮುಂದಿಟ್ಟರು. ಕವಿಗೆ ಅಪ್ರಿಯವಾದುದನ್ನು ಹೇಳಿದ ಲೇಖನಿಯೇ ಸಾಮ್ರಾಜ್ಯಕ್ಕೂ ಅಪ್ರಿಯವಾದುದನ್ನು ಹೇಳಿತು. ಈ ಎರಡನ್ನೂ ಒಟ್ಟಿಗೆ ಓದದೆ ಅವರನ್ನು ಕುರಿತು ತೀರ್ಪು ಕೊಡುವುದು ಅವಸರವಾದೀತು.

ಮನೆತನದ ಮುಂದಿನ ಕಥೆಯೂ ಇದಕ್ಕೆ ಪೂರಕವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯದ ಸೈನ್ಯಕ್ಕೆ ಪಾದ್ರಿಯಾಗಿ ಹೋಗಿದ್ದ ಥಾಂಪ್ಸನ್, 1919ರಲ್ಲಿ ಥಿಯೊಡೋಸಿಯಾ ಜೆಸಪ್ ಅವರನ್ನು ವರಿಸಿದರು. ಆಕೆ ಲೆಬನಾನಿನಲ್ಲಿ ನೆಲೆಸಿದ್ದ ಅಮೆರಿಕನ್ ಮಿಷನರಿ ಕುಟುಂಬದವರು. 1923ರಲ್ಲಿ ದಂಪತಿಗಳು ಬಾಂಕುರಾ ಬಿಟ್ಟರು. ಥಾಂಪ್ಸನ್ ಆಕ್ಸ್‌ಫರ್ಡಿನಲ್ಲಿ ಬಂಗಾಳಿ ಕಲಿಸತೊಡಗಿದರು. ಆ ಮನೆಗೆ ನೆಹರೂ ಅಂಥವರು ಬಂದುಹೋಗುತ್ತಿದ್ದರು. ಹಿರಿಯ ಮಗ ಫ್ರಾಂಕ್ ಹಲವು ಭಾಷೆಗಳನ್ನು ಬಲ್ಲ ತರುಣಕವಿ. ನಾತ್ಸಿಗಳ ವಿರುದ್ಧ ಹೋರಾಡುತ್ತಿದ್ದ ಬಲ್ಗೇರಿಯದ ಗೆರಿಲ್ಲಾಗಳೊಡನೆ ಸೆರೆಸಿಕ್ಕು 1944ರ ಜೂನ್‌ನಲ್ಲಿ ಗುಂಡಿಗೆ ಬಲಿಯಾದರು. ತಂದೆ 1946ರಲ್ಲಿ ತೀರಿಕೊಂಡರು. ಮರುವರ್ಷ ತಾಯಿಯೂ ತಮ್ಮನೂ ಸೇರಿ ಫ್ರಾಂಕ್‌ನ ಸ್ಮರಣಗ್ರಂಥವನ್ನು ಹೊರತಂದರು.

ಆ ತಮ್ಮನೇ ಇತಿಹಾಸಕಾರ ಇ. ಪಿ. ಥಾಂಪ್ಸನ್. 1963ರ ‘ದಿ ಮೇಕಿಂಗ್ ಆಫ್ ದಿ ಇಂಗ್ಲಿಷ್ ವರ್ಕಿಂಗ್ ಕ್ಲಾಸ್’ ಗ್ರಂಥದಲ್ಲಿ, ಕಾರ್ಖಾನೆಯ ಶಿಸ್ತಿಗೆ ದುಡಿಯುವವರನ್ನು ಒಗ್ಗಿಸುವಲ್ಲಿ ಮೆಥಡಿಸಮ್ಮಿನ ಪಾತ್ರವಿದ್ದಿತೆಂದು ಅವರು ಕಟುವಾಗಿ ವಿಮರ್ಶಿಸಿದರು. ಅಜ್ಜನ ಧರ್ಮವನ್ನು ಮೊಮ್ಮಗ ವಿಚಾರಣೆಗೆ ಒಡ್ಡಿದಂತಾಯಿತು. ಆದರೆ ಅವರೇ ತಮ್ಮ ಕೊನೆಯ ವರ್ಷಗಳಲ್ಲಿ ತಂದೆಯ ಪತ್ರಗಳನ್ನು ಬಿಚ್ಚಿ ಕುಳಿತು, ರವೀಂದ್ರರೊಡನೆ ನಡೆದ ಆ ಸ್ನೇಹ–ವೈಮನಸ್ಯಗಳ ಕಥೆಯನ್ನು ‘ಏಲಿಯನ್ ಹೋಮೇಜ್’ ಎಂಬ ಪುಸ್ತಕವಾಗಿ ಬರೆದರು. ಅವರು ನಿಧನರಾದ 1993ರಲ್ಲೇ ಅದು ಪ್ರಕಟವಾಯಿತು. ಪರಕೀಯನ ಗೌರವಾರ್ಪಣೆ ಎಂಬ ಶೀರ್ಷಿಕೆ ತಂದೆಗೆ ಒಪ್ಪುತ್ತದೆ. ತಂದೆಯ ದೇವರನ್ನು ಒಪ್ಪದ ಮಗ ತಂದೆಗೆ ಸಲ್ಲಿಸಿದ ಈ ಗೌರವಕ್ಕೂ ಅದು ಒಪ್ಪುತ್ತದೆ.

ಕನ್ನಡದ ಸಂಶೋಧನ ವಿದ್ಯಾರ್ಥಿಗಳಿಗೆ ಈ ಮನೆತನದಿಂದ ದೊರೆಯುವ ಪಾಠ ಸ್ಪಷ್ಟ. ಮಿಷನರಿ ಬರಹಗಳನ್ನು ಉಪಕಾರಗಳ ಪಟ್ಟಿಯಾಗಿ ಓದುವುದೂ ಸಾಲದು, ಅಪರಾಧಗಳ ಕಡತವಾಗಿ ಓದುವುದೂ ಸಾಲದು. ಅವುಗಳಲ್ಲಿರುವ ಸಾಹಿತ್ಯವಿವೇಚನೆಯನ್ನು ವಿವೇಚನೆಯಾಗಿಯೇ ಒರೆಗೆ ಹಚ್ಚಬೇಕು. ತಪ್ಪಿದ್ದಲ್ಲಿ ಅಲ್ಲಗಳೆಯಬೇಕು, ಸರಿಯಿದ್ದಲ್ಲಿ ಒಪ್ಪಬೇಕು. ರವೀಂದ್ರರನ್ನು ಇಂದಿಗೂ ಇಂಗ್ಲಿಷ್ ‘ಗೀತಾಂಜಲಿ’ಯ ಮೂಲಕವೇ ಬಲ್ಲ ಓದುಗರಿಗೆ, ಬಾಂಕುರಾದ ಆ ಪಾದ್ರಿ ಎತ್ತಿದ ಆಕ್ಷೇಪಣೆ ಇನ್ನೂ ಹಳತಾಗಿಲ್ಲ.